ತಗ್ಗು ದನಿ

ಬೆಳಗಿನ ನಾಲ್ಕೂವರೆಗೆ ಸೀಬ್ರೆನ್ ಕದ ತಟ್ಟುವುದಿಲ್ಲ.
ಸೈಕಲ್ಲಿನ ಗಂಟೆ ಒಂದೇ ಸಲ ಒತ್ತಿ ಕಾಯುತ್ತಾನೆ,
ತನಗೆ ಕೇಳದ ಗಂಟೆ.
ಅಂಗಡಿಯ ಶಟರು ಅರ್ಧ ಎತ್ತಿ ಬಗ್ಗಿ ಹೊರಬಂದರೆ
ಅವನ ರೇನ್‌ಕೋಟಿನ ಅಂಚಿಂದ ಆಗಲೇ ನೀರು.
"ಮಳೆ" ಅನ್ನುತ್ತಾನೆ,
ನಾನೇನೋ ಬಿಸಿಲೆಂದು ತಿಳಿದಿದ್ದವಳ ಹಾಗೆ.

ಇದು ಫ್ರೀಸ್‌ಲ್ಯಾಂಡ್. ಕಡಲಿಗಿಂತ ಒಂದಾಳು ಕೆಳಗೆ
ಮಲಗುತ್ತೇವೆ, ಏಳುತ್ತೇವೆ, ಆಲೂಗಡ್ಡೆ ನೆಡುತ್ತೇವೆ.
ಏರಲು ಗುಡ್ಡವೊಂದೂ ಇಲ್ಲ;
ಗುಡ್ಡದ ಕೆಲಸವನ್ನೆಲ್ಲ ಎದುರುಗಾಳಿಯೇ ವಹಿಸಿಕೊಂಡಿದೆ.
ಏರಿಯ ಮೇಲೆ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ನಿಂತಿವೆ,
ನಾವು ಮುಖ ಕೊಟ್ಟು ತುಳಿಯುತ್ತೇವೆ.
ಕುರಿಗೆ ಬುದ್ಧಿಯಿಲ್ಲವೆಂದವರು ಯಾರೋ.

ಜೌಗಿಗೆ ಒಂಬತ್ತು ಕಿಲೋಮೀಟರು.
ಪಂಪುಮನೆ ದಾಟಿ, ಹಾಲಿನ ಟ್ಯಾಂಕರು ಎರಚಿದ ಕೆಸರು ಒರೆಸಿಕೊಂಡು,
ಆರನೆಯದರಲ್ಲಿ ಅವನ ಚೈನು ಕಳಚಿತು.
ಹೊಸದು ಹಾಕುತ್ತೇನೆಂದರೆ ಎಷ್ಟೋ ವರ್ಷದಿಂದ
"ಇದು ಇನ್ನೂ ಓಡುತ್ತಲ್ಲ" ಅನ್ನುತ್ತಾನೆ.
ಬಗ್ಗಿ, ಕರಿಗ್ರೀಸಿನ ಬೆರಳಲ್ಲಿ ಹಲ್ಲಿಗೆ ಹಲ್ಲು ಕೂಡಿಸುವಾಗ
ನನ್ನ ತಲೆಗೆ ಅವನು ಹಿಡಿದದ್ದು
ಪ್ಲಾಸ್ಟಿಕ್ ಚೀಲದೊಳಗಿನ ಹಕ್ಕಿ ಎಣಿಕೆಯ ಫಾರಮು.

ಮೂವತ್ತೊಂದು ಮೇ ತಿಂಗಳು ಒಬ್ಬನೇ ಎಣಿಸಿದ್ದ.
ಕಣ್ಣಿಂದಲ್ಲ, ಜೊಂಡಿನಲ್ಲಿ ಕಣ್ಣಿಗೇನು ಕೆಲಸ, ಕಿವಿಯಿಂದ.
ಆಮೇಲೆ ದನಿಗಳು ಏಣಿಯ ಮೇಲುತುದಿಯಿಂದ ಶುರುವಾಗಿ
ಒಂದೊಂದೇ ಉದುರಿದವು.
ಮೊದಲು ಹೋದದ್ದು ಜೀರುಂಡೆಯಂತೆ ಎಳೆಯುವ ಉಲಿಯಕ್ಕಿ.
ಆ ವರ್ಷ ಸೊನ್ನೆ ಬರೆದ. ಮರುವರ್ಷವೂ ಸೊನ್ನೆ ಬರೆದು
ಹಕ್ಕಿ ಅಳಿಯಿತೆಂದು ಕಚೇರಿಗೆ ಆರು ಪುಟದ ಕಾಗದ ಹಾಕಿದ.
ಪಂಕ್ಚರಿಗೆ ಬಂದವನು ನನಗೆ ಅದನ್ನೇ ಹೇಳುತ್ತಿರುವಾಗ
ಅಂಗಡಿಯ ಹಿಂದಿನ ಕಾಲುವೆಯಲ್ಲಿ
ಅದು ಗಿರ್ರೆನ್ನುತ್ತಲೇ ಇತ್ತು.
ಬೆರಳು ತೋರಿಸಿದೆ.
ತೋರಿಸಬಾರದಿತ್ತು, ಎಂದು ಈಗಲೂ ಒಮ್ಮೊಮ್ಮೆ.

ಅಂದಿನಿಂದ ಕಿವಿ ನನ್ನದು, ಪೆನ್ಸಿಲು ಅವನದು.
ಮಳೆಗೆ ಪೆನ್ನು ಅಳುತ್ತದೆ, ಪೆನ್ಸಿಲು ಅಳುವುದಿಲ್ಲ.
ಕಿವಿಯ ಯಂತ್ರಗಳೆರಡನ್ನೂ ಬಿಚ್ಚಿ, ನೆನೆಯಬಾರದಲ್ಲ,
ಪೆಪ್ಪರ್‌ಮಿಂಟಿನ ಡಬ್ಬಿಗೆ ಹಾಕಿದ.
ನಾನು ಬೆರಳಲ್ಲಿ ಹೇಳಿದೆ:
ಟಿಟ್ಟಿಭ ಎರಡು. ಕರಿಬಾಲದ ಗೊರವ ಏಳು,
ಅಲ್ಲ ತಾಳು, ಬೇಲಿಗೂಟದ ಮೇಲಿನ್ನೊಂದು, ಎಂಟು.
ಉಲ್ಲಂಕಿ ಒಂದು, ಮೋಡದೊಳಗೆಲ್ಲೋ
ಬಾಲದ ಗರಿಯಲ್ಲಿ ಮೇಕೆಮರಿಯಂತೆ ನಡುಗುತ್ತ.
ನಾಮದ ಕೋಳಿಗಳನ್ನು ಅವನೇ ಕಂಡ;
ಎಂಥ ಮಬ್ಬಿಗೂ ಆ ಬಿಳಿ ನಾಮ ಅಡಗದು.

ಆಮೇಲೆ ಜಡಿಮಳೆ.
ಹಲಗೆಯ ಮರೆಯಲ್ಲಿ ಪಕ್ಕಪಕ್ಕ ನಿಂತೆವು.
ನನ್ನ ಟೋಪಿಯ ಮೇಲೆ ಜೋಳ ಹುರಿದಂತೆ ಪಟಪಟ,
ಜೊಂಡು ನೀರು ಗಾಳಿ ಎಲ್ಲ ಒಂದೇ ಸದ್ದು.
ತಲೆಯಾಡಿಸಿದೆ: ಏನೂ ಇಲ್ಲ, ಹೋಗೋಣ.

ಅವನು ಕೈ ಎತ್ತಿದ.

ಕಿವಿಗೆ ಹಿಡಿಯಲಿಲ್ಲ. ಅಂಗೈಯನ್ನು
ಕೋಟಿನ ಗುಂಡಿಗಳ ಮೇಲಿಟ್ಟುಕೊಂಡ,
ಒಳಜೇಬಲ್ಲಿ ಪಾಸು ಇದೆಯೋ ಇಲ್ಲವೋ ನೋಡುವವನ ಹಾಗೆ.
"ಗುಪ್ಪಿ" ಅಂದ. ಗದ್ದವನ್ನು ತೆಂಕಣಕ್ಕೆ ತಿರುಗಿಸಿದ.
ಟೋಪಿ ಹಿಂದಕ್ಕೆಳೆದೆ. ಕತ್ತಿನೊಳಗೆ ಮಳೆ ಇಳಿಯಿತು.
ಏನಿಲ್ಲ. ಏನಿಲ್ಲ. ಆಮೇಲೆ
ಖಾಲಿ ಪೀಪಾಯಿಯ ಬಾಯಿಗೆ ಯಾರೋ ಮೆಲ್ಲಗೆ ಊದಿದ ಹಾಗೆ,
ನೆಲವೇ ಗಂಟಲು ಸರಿಮಾಡಿಕೊಂಡ ಹಾಗೆ, ದೂರ,
ಮೂರು ಸಲ.

ಹದಿನಾಲ್ಕು ವರ್ಷ ಈ ಜೌಗಿನಲ್ಲಿ ಯಾರೂ ಕೇಳಿರಲಿಲ್ಲ.

ಹಕ್ಕಿಯ ಹೆಸರಿನ ಮುಂದೆ ಒಂದು ಎಂದು ಬರೆದ.
'ಕೇಳಿದವರು' ಎಂಬಲ್ಲಿ ಎಂದಿನಂತೆ ವಿಟ್ಸ್ಕೆ ಎಂದು
ಶುರುಮಾಡಿ, ನಿಲ್ಲಿಸಿದ.
ರಬ್ಬರು ನೆನೆದಿತ್ತು, ಉಜ್ಜಿದರೆ ಕಾಗದ ಹರಿಯಿತು.
ಹರಿದದ್ದರ ಪಕ್ಕ ತನ್ನ ಹೆಸರನ್ನು ಪೂರ್ತಿ ಬರೆದ,
ಅಪ್ಪನ ಹೆಸರು, ಹುಟ್ಟಿದ ಇಸವಿ ಸಮೇತ.
ಫಾರಮು ಅದನ್ನೆಲ್ಲ ಕೇಳಿರಲಿಲ್ಲ.

ಬರುವಾಗ ಗಾಳಿ ಬೆನ್ನಿಗಿತ್ತು.
ಪಂಪುಮನೆಯ ಹತ್ತಿರ ಮತ್ತೆ ಚೈನು ಕಳಚಿ
ಕಿಟಿಕಿಟಿ ನೇತಾಡತೊಡಗಿತು.
ಅವನಿಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ.
ತುಳಿಯುವುದನ್ನೇ ಮರೆತು
ಹೋಗುತ್ತಲೇ ಇದ್ದ.